ಮುಂದೇನು? ಪ್ರೌಢಶಾಲೆಯ ಹೊಸ್ತಿಲಲ್ಲಿ ದಾರಿ ತೋರುವವರಿಗೆ ನಮ್ಮ ನೆರವು

ಎಸ್.ಎಸ್.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮರುದಿನ ಪುಣೆಯ ಯಾವುದಾದರೊಂದು ಪ್ರೌಢಶಾಲೆಯ ಅಂಗಳದಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಪೇಢೆಯ ಪೊಟ್ಟಣ ಹಿಡಿದು ಬಂದ ತಾಯಂದಿರು, ಮೊಬೈಲಿನ ಪರದೆಯ ಮೇಲೆ ಅಂಕಗಳನ್ನು ಮತ್ತೆ ಮತ್ತೆ ಕೂಡಿ ನೋಡುವ ತಂದೆಗಳು, ಗೆಳೆಯರ ಗುಂಪಿನಿಂದ ದೂರ ಸರಿದು ಮುಖ ತಗ್ಗಿಸಿ ನಿಂತ ಒಬ್ಬಿಬ್ಬರು ಹುಡುಗರು. ಸಂತೋಷವಿರಲಿ, ಸಂಕಟವಿರಲಿ, ಕೊನೆಗೆ ಎಲ್ಲರ ಬಾಯಿಂದಲೂ ಹೊರಡುವ ಮಾತು ಒಂದೇ: "ಮುಂದೇನು?"

ಮೂರಕ್ಷರದ ಈ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು? ಪಾಲಕರು ಶಿಕ್ಷಕರ ಕಡೆಗೆ ನೋಡುತ್ತಾರೆ. ಶಾಲೆಯಲ್ಲಿ ಗಣಿತವನ್ನೋ ಮರಾಠಿಯನ್ನೋ ಕಲಿಸುವ ಒಬ್ಬರು ಶಿಕ್ಷಕರಿಗೆ "ವೃತ್ತಿಮಾರ್ಗದರ್ಶನ"ದ ಹೊಣೆಯನ್ನೂ ವಹಿಸಿರುತ್ತಾರೆ. ಅವರು ಪಾಠ ಮಾಡಬೇಕು, ಉತ್ತರಪತ್ರಿಕೆ ತಿದ್ದಬೇಕು, ಚುನಾವಣೆ ಬಂದರೆ ಆ ಕೆಲಸಕ್ಕೂ ಹೋಗಬೇಕು. ಉಳಿದ ಹೊತ್ತಿನಲ್ಲಿ ನೂರಾರು ಮಕ್ಕಳ ಬಾಳಿನ ದಾರಿಯನ್ನು ಬಿಡಿಸಿ ಹೇಳಬೇಕು. ಹೇಳುವ ಮನಸ್ಸು ಅವರಿಗುಂಟು. ಆದರೆ ಲೋಕದ ಎಲ್ಲ ಉದ್ಯೋಗಗಳ ಪರಿಚಯ ಒಬ್ಬ ಮನುಷ್ಯನಿಗೆ ಇರುವುದಾದರೂ ಹೇಗೆ? ಆದುದರಿಂದ ಅವರು ಅಂಕಪಟ್ಟಿಯನ್ನು ನೋಡುತ್ತಾರೆ. ತೊಂಬತ್ತಕ್ಕೆ ಮೇಲಾದರೆ ವಿಜ್ಞಾನ, ಎಪ್ಪತ್ತರ ಆಸುಪಾಸು ವಾಣಿಜ್ಯ, ಅದಕ್ಕೂ ಕೆಳಗಾದರೆ ಕಲೆ ಅಥವಾ ಐ.ಟಿ.ಐ. ಎಂದು ಸೂಚಿಸಿ ಕೈಮುಗಿಯುತ್ತಾರೆ. ಇದು ಆ ಶಿಕ್ಷಕರ ದೋಷವಲ್ಲ. ಅವರನ್ನು ಒಂಟಿಯಾಗಿ ಬಿಟ್ಟ ನಮ್ಮೆಲ್ಲರ ದೋಷ. ಈ ಒಂಟಿತನವನ್ನು ತೊಡೆಯಲು ಪುಣೆಯ ಕನ್ನಡಿಗರು ಏನು ಮಾಡಬಹುದು ಎಂಬುದೇ ಈ ಲೇಖನದ ವಿಷಯ.

ಇಬ್ಬರು ಹಿರಿಯರ ಕಥೆ

ನಮ್ಮ ನಾಡಿನ ಇಬ್ಬರು ಹಿರಿಯರ ಬಾಳು ಈ ವಿಚಾರಕ್ಕೆ ಒಳ್ಳೆಯ ಪಾಠವಾಗಿದೆ.

ಮೊದಲನೆಯವರು ಸರ್ ಎಂ. ವಿಶ್ವೇಶ್ವರಯ್ಯನವರು. ಮುದ್ದೇನಹಳ್ಳಿಯ ಈ ಹುಡುಗ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದು, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಅಲ್ಲಿಗೆ ನಿಂತಿದ್ದರೆ ಅವರು ಒಬ್ಬ ಒಳ್ಳೆಯ ಶಿಕ್ಷಕರೋ ಕಚೇರಿಯ ಅಧಿಕಾರಿಯೋ ಆಗುತ್ತಿದ್ದರು. ಆದರೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು ಅವರು ಪುಣೆಯ ಸೈನ್ಸ್ ಕಾಲೇಜಿಗೆ ಬಂದರು. 1854ರಲ್ಲಿ ಆರಂಭವಾದ ಆ ವಿದ್ಯಾಲಯವೇ ನಾವು ಇಂದು ಶಿವಾಜಿನಗರದಲ್ಲಿ ಕಾಣುವ ಎಂಜಿನಿಯರಿಂಗ್ ಕಾಲೇಜು. 2022ರಿಂದ ಅದು ತಂತ್ರಜ್ಞಾನ ವಿಶ್ವವಿದ್ಯಾಲಯವಾಗಿದೆ. 1883ರಲ್ಲಿ ಅವರು ಅಲ್ಲಿಯ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾದರು. 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ನೀರಿನ ಬಾಗಿಲುಗಳನ್ನು ಇದೇ ಪುಣೆಗೆ ನೀರುಣಿಸುವ ಖಡಕವಾಸಲಾ ಜಲಾಶಯದಲ್ಲಿ ಅಳವಡಿಸಲಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರತಿಭೆ ಹುಡುಗನಲ್ಲಿತ್ತು, ನಿಜ. ಆದರೆ ಇಂಥ ಕಾಲೇಜೊಂದು ಪರಪ್ರಾಂತದಲ್ಲಿ ಉಂಟು, ಅಲ್ಲಿಗೆ ಹೋಗಲು ವಿದ್ಯಾರ್ಥಿವೇತನವುಂಟು, ಅಲ್ಲಿ ಮೊದಲಿಗನಾದರೆ ಕೆಲಸವುಂಟು ಎಂಬ ಮೂರು ಸುದ್ದಿಗಳು ತಕ್ಕ ಹೊತ್ತಿನಲ್ಲಿ ಆ ಹುಡುಗನಿಗೆ ತಲುಪದೆ ಇದ್ದಿದ್ದರೆ?

ಎರಡನೆಯವರು ಲಕ್ಷ್ಮಣರಾವ್ ಕಿರ್ಲೋಸ್ಕರರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಇವರಿಗೆ ಚಿತ್ರ ಬರೆಯುವುದರಲ್ಲಿ ಆಸಕ್ತಿ. ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ಕಲಿಯುತ್ತಿರುವಾಗ ತಮಗೆ ಕೆಲವು ಬಣ್ಣಗಳ ಭೇದ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ವರ್ಣಚಿತ್ರದ ಆಸೆ ಅಲ್ಲಿಗೇ ಮುಗಿಯಿತು. ಆದರೆ ಗೆರೆ ಎಳೆಯುವ ಕೈ ಉಳಿದಿತ್ತು. ಅವರು ಯಂತ್ರಗಳ ನಕಾಶೆಯ ಕಡೆಗೆ ತಿರುಗಿದರು, ಅದೇ ವಿಷಯದ ಶಿಕ್ಷಕರೂ ಆದರು. ಮುಂದೆ ಬೆಳಗಾವಿಯಲ್ಲಿ ಅಣ್ಣನೊಡನೆ ಸೈಕಲ್ ಅಂಗಡಿ, ಬಳಿಕ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ಆ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ 1946ರಲ್ಲಿ ನಮ್ಮ ಖಡಕಿಗೂ ಬಂತು.

ಒಂದು ಬಾಗಿಲು ಮುಚ್ಚಿತೆಂದು ಅವರು ಕೂತುಬಿಡಲಿಲ್ಲ. ಬಣ್ಣ ಹೋದರೂ ಗೆರೆ ಉಳಿದಿದೆ ಎಂಬುದನ್ನು ಕಂಡುಕೊಂಡರು. ವೃತ್ತಿಮಾರ್ಗದರ್ಶನದ ತಿರುಳು ಈ ಎರಡು ಕಥೆಗಳಲ್ಲಿಯೇ ಅಡಗಿದೆ. ತೆರೆದ ಬಾಗಿಲಿನ ಸುದ್ದಿಯನ್ನು ಸಕಾಲದಲ್ಲಿ ಮುಟ್ಟಿಸುವುದು ಒಂದು. ಮುಚ್ಚಿದ ಬಾಗಿಲಿನ ಮುಂದೆ ನಿಂತವನಿಗೆ ಅವನಲ್ಲಿ ಉಳಿದಿರುವ ಬಲವನ್ನು ತೋರಿಸಿಕೊಡುವುದು ಇನ್ನೊಂದು.

ಮಾರ್ಗದರ್ಶನವೆಂಬ ಶಾಸ್ತ್ರ

ಈ ಕೆಲಸಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅಮೆರಿಕೆಯ ಫ್ರಾಂಕ್ ಪಾರ್ಸನ್ಸ್. ಅವರು 1908ರಲ್ಲಿ ಬೋಸ್ಟನ್ ನಗರದಲ್ಲಿ ತರುಣರಿಗಾಗಿ ಒಂದು ವೃತ್ತಿ ಸಲಹಾ ಕೇಂದ್ರವನ್ನು ತೆರೆದರು. ಅವರು ತೀರಿಕೊಂಡ ಮೇಲೆ 1909ರಲ್ಲಿ ಅವರ ಪುಸ್ತಕ ಹೊರಬಂತು. ಅವರು ಹೇಳಿದ್ದು ಸರಳವಾದ ಮಾತು: ಮೊದಲು ತನ್ನನ್ನು ತಾನು ಅರಿಯಬೇಕು, ಆಮೇಲೆ ಉದ್ಯೋಗಗಳನ್ನು ಅರಿಯಬೇಕು, ಕೊನೆಗೆ ಇವೆರಡನ್ನೂ ಕೂಡಿಸಿ ಸರಿಯಾಗಿ ವಿಚಾರ ಮಾಡಬೇಕು.

ನಮ್ಮ ದೇಶದಲ್ಲಿಯೂ ಈ ವಿಚಾರ ಹೊಸತಲ್ಲ. ಡಾ. ಲಕ್ಷ್ಮಣಸ್ವಾಮಿ ಮುದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1952-53ರಲ್ಲಿಯೇ ಶಾಲೆಗಳಲ್ಲಿ ತರಬೇತಿ ಪಡೆದ ಮಾರ್ಗದರ್ಶಕರೂ ವೃತ್ತಿಶಿಕ್ಷಕರೂ ಇರಬೇಕೆಂದು ಹೇಳಿತು. 1954ರಲ್ಲಿ ಕೇಂದ್ರ ಸರಕಾರವು ಇದಕ್ಕಾಗಿ ಒಂದು ಕೇಂದ್ರೀಯ ಸಂಸ್ಥೆಯನ್ನು ಸ್ಥಾಪಿಸಿತು. 1964-66ರ ಕೊಠಾರಿ ಆಯೋಗವು ಎಲ್ಲ ಶಾಲೆಗಳಿಗೂ ಪೂರ್ಣಕಾಲದ ಸಲಹೆಗಾರರನ್ನು ಒದಗಿಸುವುದು ಕಷ್ಟವೆಂದು ಅರಿತು, ಕನಿಷ್ಠಪಕ್ಷ ಹತ್ತು ಶಾಲೆಗಳ ಗುಂಪಿಗೆ ಒಬ್ಬ ಸಂಚಾರಿ ಸಲಹೆಗಾರನಾದರೂ ಇರಲಿ, ಶಾಲೆಯ ಶಿಕ್ಷಕರು ಅವನಿಗೆ ಕೈಜೋಡಿಸಲಿ ಎಂದು ಸೂಚಿಸಿತು. ಅರುವತ್ತು ವರ್ಷ ಕಳೆದ ಮೇಲೂ ಆ "ಕನಿಷ್ಠ"ವನ್ನು ಕಾಣದ ಶಾಲೆಗಳು ಬೇಕಾದಷ್ಟಿವೆ ಎಂಬುದನ್ನು ಶಿಕ್ಷಕರಿಗೆ ಹೇಳಬೇಕಾದುದಿಲ್ಲ.

ಪಾರ್ಸನ್ಸರ ಮೂರು ಮಾತುಗಳಿಗೆ ಹೊರನಾಡಿನಲ್ಲಿರುವ ನಾವು ನಾಲ್ಕನೆಯದೊಂದನ್ನು ಸೇರಿಸಬೇಕಾಗಿದೆ: ನಿಯಮಗಳನ್ನು ಅರಿಯಬೇಕು. ಅದರ ವಿಚಾರ ಮುಂದೆ ಬರುತ್ತದೆ.

ಮಗುವನ್ನು ಅರಿಯುವುದು

ಮಗುವಿನ ಒಲವನ್ನು ಅಳೆಯುವ ಪರೀಕ್ಷೆಗಳು ಇಂದು ಸುಲಭವಾಗಿ ದೊರೆಯುತ್ತವೆ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಮುಖ್ಯ ಕಚೇರಿ ನಮ್ಮ ಪುಣೆಯಲ್ಲಿಯೇ ಇದೆ. 2016ರಲ್ಲಿ ಈ ರಾಜ್ಯದ ಹತ್ತನೆಯ ತರಗತಿಯ ಮಕ್ಕಳಿಗೆ "ಕಲ್ ಚಾಚಣಿ" ಎಂಬ ಒಲವಿನ ಪರೀಕ್ಷೆಯನ್ನು ಮೊದಲು ನಡೆಸಲಾಯಿತು. ಕೃಷಿ, ಕಲೆ ಮತ್ತು ಮಾನವಿಕ ಶಾಸ್ತ್ರ, ವಾಣಿಜ್ಯ, ಲಲಿತಕಲೆ, ಆರೋಗ್ಯ ವಿಜ್ಞಾನ, ತಾಂತ್ರಿಕ ಕ್ಷೇತ್ರ, ಸಮವಸ್ತ್ರದ ಸೇವೆ ಎಂಬ ಏಳು ಕ್ಷೇತ್ರಗಳಲ್ಲಿ ಮಗುವಿನ ಮನಸ್ಸು ಎತ್ತ ಒಲಿದಿದೆ ಎಂದು ಅದು ತೋರಿಸುತ್ತಿತ್ತು. 1962ರಲ್ಲಿ ಡಾ. ಅಪ್ಪಾ ಪೇಂಡಸೆಯವರು ಸ್ಥಾಪಿಸಿದ ಜ್ಞಾನಪ್ರಬೋಧಿನಿಯೂ ಬುದ್ಧಿ ಮತ್ತು ಸಾಮರ್ಥ್ಯಗಳ ಅಳತೆಯಲ್ಲಿ ಹೆಸರಾದ ಸಂಸ್ಥೆ.

ಈ ಪರೀಕ್ಷೆಗಳು ಉಪಯುಕ್ತವೇ ಸರಿ. ಆದರೆ ಅವು ದಾರಿಯ ದೀಪಗಳೇ ಹೊರತು ನ್ಯಾಯಾಲಯದ ತೀರ್ಪುಗಳಲ್ಲ. ತಾನು ಕಾಣದ ಕೆಲಸದ ಮೇಲೆ ಮಗುವಿಗೆ ಒಲವು ಹುಟ್ಟುವುದಾದರೂ ಎಲ್ಲಿಂದ? ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದು ಪುಣೆಯ ಕಟ್ಟಡಗಳಿಗೆ ಇಟ್ಟಿಗೆ ಹೊರುವ ತಾಯಿಯ ಮಗಳಿಗೆ ವಾಸ್ತುಶಿಲ್ಪಿಯ ಕೆಲಸದಲ್ಲಿ ಆಸಕ್ತಿಯುಂಟೇ ಎಂದು ಕಾಗದದ ಮೇಲೆ ಕೇಳಿದರೆ ಅವಳು ಏನೆಂದು ಗುರುತು ಹಾಕಬೇಕು? ಅವಳು ದಿನಾಲು ಕಟ್ಟಡ ಏಳುವುದನ್ನು ನೋಡುತ್ತಾಳೆ. ಆದರೆ ಅದರ ನಕಾಶೆ ಬರೆಯುವ ಕೈಯನ್ನು ಒಮ್ಮೆಯೂ ನೋಡಿಲ್ಲ.

ಆದುದರಿಂದ ಒಳ್ಳೆಯ ಮಾರ್ಗದರ್ಶಕರು ಪರೀಕ್ಷೆಗಿಂತ ಮೊದಲು ಮಗುವನ್ನು ನೋಡುತ್ತಾರೆ. ಎಂಟನೆಯ ತರಗತಿಯಿಂದಲೇ ಪ್ರತಿಯೊಬ್ಬ ವಿದ್ಯಾರ್ಥಿಗೆ ಒಂದು ಪುಟ ಮೀಸಲಿಟ್ಟು, ಸಹೋದ್ಯೋಗಿಗಳನ್ನು ಕೇಳಿ ನಾಲ್ಕು ಸಾಲು ಬರೆದಿಡುತ್ತಾರೆ. ಸ್ನೇಹಸಮ್ಮೇಳನದ ಲೆಕ್ಕ ಯಾರು ಚೊಕ್ಕಟವಾಗಿ ಇಟ್ಟರು? ಕೆಟ್ಟುಹೋದ ಫ್ಯಾನಿನ ಹತ್ತಿರ ತಾನಾಗಿ ಹೋಗುವವನು ಯಾರು? ಅಳುವ ಚಿಕ್ಕ ಮಗುವನ್ನು ಸಮಾಧಾನಪಡಿಸುವುದು ಯಾರಿಗೆ ಬರುತ್ತದೆ? ಮೂರು ವರ್ಷದ ಇಂಥ ನಾಲ್ಕು ನಾಲ್ಕು ಸಾಲುಗಳು ಒಂದು ತಾಸಿನ ಪರೀಕ್ಷೆಗಿಂತ ಹೆಚ್ಚು ಮಾತನಾಡುತ್ತವೆ.

ಅದರ ಜೊತೆಗೆ ಎಂಟನೆಯ ತರಗತಿಯಲ್ಲಿಯೇ ಕಣ್ಣಿನ ಪರೀಕ್ಷೆಯನ್ನೂ ಬಣ್ಣಗಳ ಗುರುತಿನ ಪರೀಕ್ಷೆಯನ್ನೂ ಮಾಡಿಸಬೇಕು. ನನಗೆ ಗೊತ್ತಿರುವ ಹುಡುಗನೊಬ್ಬ ರೈಲು ನಡೆಸಬೇಕೆಂಬ ಒಂದೇ ಆಸೆಯಿಂದ ಐ.ಟಿ.ಐ. ಮುಗಿಸಿ, ವರ್ಷಗಟ್ಟಲೆ ಓದಿ, ಲಿಖಿತ ಪರೀಕ್ಷೆಯಲ್ಲಿ ಗೆದ್ದು, ಕೊನೆಯ ವೈದ್ಯಕೀಯ ತಪಾಸಣೆಯಲ್ಲಿ ಕೆಂಪು-ಹಸಿರುಗಳ ಭೇದ ತಿಳಿಯದೆ ಹಿಂದಿರುಗಿದ. ಹದಿಮೂರರ ವಯಸ್ಸಿನಲ್ಲಿ ಹತ್ತು ನಿಮಿಷದಲ್ಲಿ ತಿಳಿಯಬಹುದಾಗಿದ್ದ ಸಂಗತಿ ಅವನಿಗೆ ಇಪ್ಪತ್ತಮೂರರಲ್ಲಿ ತಿಳಿಯಿತು. ಕಿರ್ಲೋಸ್ಕರರಿಗೆ ತರುಣಾವಸ್ಥೆಯ ಮೊದಲಲ್ಲಿಯೇ ತಿಳಿದದ್ದರಿಂದ ದಾರಿ ಬದಲಿಸಲು ಅವಕಾಶವಿತ್ತು. ಈ ಹುಡುಗನ ಹತ್ತು ವರ್ಷಗಳನ್ನು ಅವನಿಗೆ ಯಾರು ಹಿಂದೆ ಕೊಡುತ್ತಾರೆ?

ಉದ್ಯೋಗವನ್ನು ಅರಿಯುವುದು

ನಾಳೆಯ ಉದ್ಯೋಗಗಳು ಯಾವುವು ಎಂದು ಪಾಲಕರು ಕೇಳುತ್ತಾರೆ. ಜ್ಯೋತಿಷಿಗಳಂತೆ ಹೆಸರು ಹೇಳಲು ಯಾರಿಂದಲೂ ಆಗದು. ವಿಶ್ವ ಆರ್ಥಿಕ ವೇದಿಕೆಯು 2025ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, 2030ರ ಹೊತ್ತಿಗೆ ಕೆಲಸಗಾರರಿಗೆ ಬೇಕಾದ ಮುಖ್ಯ ಕೌಶಲಗಳಲ್ಲಿ ಶೇಕಡಾ 39ರಷ್ಟು ಬದಲಾಗುವವು. ಜಗತ್ತಿನಲ್ಲಿ 9 ಕೋಟಿ 20 ಲಕ್ಷ ಕೆಲಸಗಳು ಅಳಿದು, 17 ಕೋಟಿ ಹೊಸ ಕೆಲಸಗಳು ಹುಟ್ಟುವವು. ಬರೆಯುವ, ಲೆಕ್ಕ ಹಾಕುವ, ಚಿತ್ರ ರಚಿಸುವ ಕೆಲಸಗಳಿಗೂ ಇಂದು ಯಂತ್ರಬುದ್ಧಿ ಬಂದಿದೆ.

ಇದು ನಮಗೆ ತೀರ ಹೊಸ ಅನುಭವವೇ? ಅಲ್ಲ. ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ನೌಕರಿ ಹಿಡಿದು ಎಷ್ಟು ಜನ ತರುಣರು ಮುಂಬಯಿ, ಪುಣೆಗಳಿಗೆ ಬಂದರು! ಬೆರಳಚ್ಚು ಕಲಿತು, ಲೆಡ್ಜರು ಬರೆದು, ಮನೆ ಕಟ್ಟಿದರು. ಬೆರಳಚ್ಚು ಯಂತ್ರ ಹೋಯಿತು, ಲೆಡ್ಜರು ಹೋಯಿತು, ಗಣಕಯಂತ್ರ ಬಂತು. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ, ಆ ಹೆಸರುಗಳೂ ಹೋದವು. ಆದರೂ ಆ ನೌಕರರು ಬೀದಿಗೆ ಬೀಳಲಿಲ್ಲ. ಏಕೆಂದರೆ ಅವರಿಗೆ ಬೆರಳಚ್ಚು ಮಾತ್ರವೇ ಬರುತ್ತಿರಲಿಲ್ಲ. ಲೆಕ್ಕದ ಶಿಸ್ತು, ಗಿರಾಕಿಯೊಡನೆ ಮಾತು, ಹೊಸದನ್ನು ಕಲಿಯುವ ತಾಳ್ಮೆ ಇವೂ ಬರುತ್ತಿದ್ದವು. ಸಾಧನ ಹೋದರೂ ಗುಣ ಉಳಿಯಿತು.

ಮಾರ್ಗದರ್ಶಕರು ಮಕ್ಕಳಿಗೆ ಹೇಳಬೇಕಾದುದು ಇದನ್ನೇ. "ನೀನು ಏನಾಗುವೆ?" ಎಂದು ಕೇಳುವುದಕ್ಕಿಂತ "ದಿನದ ಎಂಟು ತಾಸು ಯಾವ ಬಗೆಯ ಕೆಲಸ ಮಾಡಿದರೆ ನಿನಗೆ ಬೇಸರ ಬಾರದು?" ಎಂದು ಕೇಳುವುದು ಲೇಸು. ಪದವಿಯ ಹೆಸರು ಬದಲಾಗುತ್ತದೆ. ಕೈಯ, ಮಾತಿನ, ಲೆಕ್ಕದ, ಆರೈಕೆಯ ಕೆಲಸಗಳ ಜಾತಿ ಅಷ್ಟು ಬೇಗ ಬದಲಾಗದು.

ಈ ಕೆಲಸಗಳನ್ನು ಕಣ್ಣಾರೆ ತೋರಿಸಲು ಪುಣೆಗಿಂತ ಅನುಕೂಲವಾದ ಊರು ಯಾವುದು? 1950ರಲ್ಲಿ ತೆರೆದ ರಾಷ್ಟ್ರೀಯ ರಸಾಯನ ಪ್ರಯೋಗಾಲಯ ಪಾಷಾಣದಲ್ಲಿದೆ. 1954ರಲ್ಲಿ ಆರಂಭವಾದ ಪೆನ್ಸಿಲಿನ್ ಕಾರ್ಖಾನೆಯಿಂದ ಮೊದಲ್ಗೊಂಡು ಪಿಂಪ್ರಿ-ಚಿಂಚವಡ ಇಡೀ ದೇಶಕ್ಕೇ ಒಂದು ಕಾರ್ಖಾನೆಯ ಪಾಠಶಾಲೆ. ಹಿಂಜವಡಿಯಲ್ಲಿ ಗಣಕ ಸಂಸ್ಥೆಗಳು. ಖಡಕವಾಸಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಅಲ್ಲಿಗೆ 2022ರಿಂದ ಹೆಣ್ಣುಮಕ್ಕಳೂ ಸೇರುತ್ತಿದ್ದಾರೆ. ಅಲ್ಲಿಯ ಭೂಸೇನೆಗೆ ಹನ್ನೆರಡನೆಯ ತರಗತಿಯ ಯಾವ ಶಾಖೆಯವರಾದರೂ ಅರ್ಜಿ ಹಾಕಬಹುದು. ನೌಕಾದಳ, ವಾಯುದಳಗಳಿಗೆ ಭೌತ-ರಸಾಯನ-ಗಣಿತ ಬೇಕು. ಈ ಒಂದು ವಾಕ್ಯ ತಿಳಿಯದೆ ಹನ್ನೊಂದನೆಯ ತರಗತಿಯಲ್ಲಿ ಗಣಿತ ಬಿಟ್ಟು ಆಮೇಲೆ ಪಶ್ಚಾತ್ತಾಪಪಡುವ ಮಕ್ಕಳುಂಟು. ನಾರಾಯಣಗಾಂವದ ಹತ್ತಿರ ಖೋಡದದಲ್ಲಿರುವ ದೈತ್ಯ ರೇಡಿಯೋ ದುರ್ಬೀನಿನ ಕೇಂದ್ರದಲ್ಲಿ ಫೆಬ್ರವರಿ ಕೊನೆಯ ವಿಜ್ಞಾನ ದಿನದ ನಿಮಿತ್ತ ಪ್ರದರ್ಶನ ನಡೆಯುತ್ತದೆ; ಶಾಲೆಯ ಮಕ್ಕಳು ತಮ್ಮ ಪ್ರಯೋಗಗಳನ್ನು ಅಲ್ಲಿಗೆ ಒಯ್ಯುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ನಡುವೆ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಗಿ, ತೋಟಗಾರ, ಕುಂಬಾರ ಮೊದಲಾದವರ ಬಳಿ ಕೆಲಸ ನೋಡಿ ಕಲಿಯಬೇಕೆಂದಿದೆ. ಆ ಹತ್ತು ದಿನಗಳು ವನಭೋಜನವಾಗಿ ಕಳೆದುಹೋಗದಿರಲಿ.

ಐ.ಟಿ.ಐ. ಎಂದರೆ ಮೂಗು ಮುರಿಯುವ ಪಾಲಕರಿಗೆ ಎರಡು ಮಾತು. ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶಕ್ಕೆ ಯತ್ನಿಸಬಹುದು. ಡಿಪ್ಲೊಮಾ ಮುಗಿಸಿದವನು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ಹೋಗಬಹುದು. 1961ರ ಅಪ್ರೆಂಟಿಸ್ ಕಾನೂನಿನಂತೆ ಕಾರ್ಖಾನೆಯಲ್ಲಿ ವೇತನಭತ್ಯೆಯೊಡನೆ ಕೆಲಸ ಕಲಿಯಬಹುದು. ಈ ಏಣಿಗೆ ಮೆಟ್ಟಿಲುಗಳು ಹೆಚ್ಚು, ನಿಜ. ಆದರೆ ಪ್ರತಿ ಮೆಟ್ಟಿಲಿನಲ್ಲಿಯೂ ನಿಂತು ಸಂಪಾದಿಸಬಹುದು. ಕೈಕೆಲಸದ ಶಿಕ್ಷಣವನ್ನು ನಾವು ಎಷ್ಟು ಕಡೆಗಣಿಸಿದ್ದೇವೆ ಎಂಬುದಕ್ಕೆ ಅದೇ ಶಿಕ್ಷಣ ನೀತಿ ಎತ್ತಿ ತೋರಿಸಿದ ಅಂಕಿಗಳೇ ಸಾಕ್ಷಿ: ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜಿನಂತೆ 19ರಿಂದ 24 ವಯಸ್ಸಿನ ಭಾರತೀಯ ಕೆಲಸಗಾರರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ಶೇಕಡಾ 5ಕ್ಕೂ ಕಡಿಮೆ, ಜರ್ಮನಿಯಲ್ಲಿ ಶೇಕಡಾ 75, ದಕ್ಷಿಣ ಕೊರಿಯದಲ್ಲಿ ಶೇಕಡಾ 96.

ನಿಯಮಗಳನ್ನು ಅರಿಯುವುದು

ಇನ್ನು ನಾಲ್ಕನೆಯ ಮಾತು. ಹೊರನಾಡಿನ ಕುಟುಂಬಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ; ಮಾರ್ಗದರ್ಶಕರಿಗೆ ಹೆಚ್ಚಿನ ನೆರವು ಬೇಕಾದುದೂ ಇಲ್ಲಿಯೇ.

ಹತ್ತನೆಯ ತರಗತಿ ಮುಗಿದೊಡನೆ ಮಗುವನ್ನು ಪಿ.ಯು.ಸಿ.ಗಾಗಿ ಮಂಗಳೂರಿಗೋ ಧಾರವಾಡಕ್ಕೋ ಕಳುಹಿಸುವ ಪದ್ಧತಿ ನಮ್ಮಲ್ಲಿದೆ. ಅಜ್ಜಿಯ ಮನೆಯಿದೆ, ಒಳ್ಳೆಯ ಕಾಲೇಜಿದೆ, ಕನ್ನಡವೂ ಉಳಿಯುತ್ತದೆ ಎಂಬ ಸದುದ್ದೇಶ. ಆದರೆ ಮಹಾರಾಷ್ಟ್ರದ ವೃತ್ತಿಪರ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸ್ಥಾನಗಳಿಗೆ ಸಾಮಾನ್ಯವಾಗಿ ಹನ್ನೆರಡನೆಯ ತರಗತಿಯನ್ನು ಈ ರಾಜ್ಯದಲ್ಲಿಯೇ ಮುಗಿಸಿರಬೇಕು. ಕರ್ನಾಟಕದಲ್ಲಿಯಾದರೋ ಸಾಮಾನ್ಯ ನಿಯಮದಂತೆ ಒಂದರಿಂದ ಹನ್ನೆರಡರವರೆಗಿನ ತರಗತಿಗಳಲ್ಲಿ ಕನಿಷ್ಠ ಏಳು ವರ್ಷ ಅಲ್ಲಿ ಓದಿರಬೇಕು. ಎರಡೇ ವರ್ಷ ಅಲ್ಲಿ ಓದಿದ ನಮ್ಮ ಮಗು ಇತ್ತ ಇಲ್ಲಿಯದೂ ಅಲ್ಲ, ಅತ್ತ ಅಲ್ಲಿಯದೂ ಅಲ್ಲ ಎಂಬಂತಾಗುವ ಭಯವಿದೆ.

ಇದಕ್ಕೆ ಪರಿಹಾರಗಳೂ ಇವೆ, ತಿಳಿದವರು ಕಡಿಮೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು ಅಲ್ಲಿ ಪಿ.ಯು.ಸಿ.ಯ ಎರಡೂ ವರ್ಷ ಓದಿ ತೇರ್ಗಡೆಯಾಗಿದ್ದರೆ ಆ ಆಧಾರದ ಮೇಲೆ ಅರ್ಹತೆ ಕೇಳಬಹುದು. ಊರಿನ ಕನ್ನಡ ಶಾಲೆಯಲ್ಲಿ ಎಂದೋ ಓದಿ, ಹೋಟೆಲಿನ ಕೆಲಸಕ್ಕೆಂದು ಬಂದ ತಂದೆಯ ಹಳೆಯ ಶಾಲಾ ದಾಖಲೆಯೇ ಮಗಳ ಎಂಜಿನಿಯರಿಂಗ್ ಪ್ರವೇಶಕ್ಕೆ ಕೀಲಿಕೈ ಆಗಬಹುದು! ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಬೇರೆಯೇ ವಿಧಿಯಿದ್ದು, ಅದಕ್ಕಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಮನೆಯಲ್ಲಿ ಮಗುವಿಗೆ ಕನ್ನಡ ಓದಲು ಬರೆಯಲು ಕಲಿಸಿದ್ದು ಅಭಿಮಾನಕ್ಕೆ ಮಾತ್ರವಲ್ಲ, ಅನ್ನಕ್ಕೂ ಆಗುವ ಸಂದರ್ಭ ಇದು. ನಿಯಮಗಳು ವರ್ಷ ವರ್ಷಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಅಧಿಕೃತ ಪುಸ್ತಿಕೆಯನ್ನು ಓದಿಯೇ ಮುಂದುವರಿಯಬೇಕು.

ಜಾತಿ ಪ್ರಮಾಣಪತ್ರದ ವಿಷಯ ಇನ್ನೂ ಸೂಕ್ಷ್ಮ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಬಂದ ಪರಿಶಿಷ್ಟ ಜಾತಿ, ಪಂಗಡಗಳವರು ಬಂದ ರಾಜ್ಯದಲ್ಲಿ ಆ ಮೀಸಲಾತಿಯನ್ನು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1990ರ ತೀರ್ಪಿನಲ್ಲಿ ಹೇಳಿದೆ. 1994ರಲ್ಲಿ ಅದನ್ನೇ ಎತ್ತಿಹಿಡಿಯಿತು. ಮಹಾರಾಷ್ಟ್ರದಲ್ಲಿ ಪ್ರಮಾಣಪತ್ರ ಬೇಕಾದರೆ ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕೆ ಮೊದಲಿನ, ಇತರ ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ಕ್ಕೆ ಮೊದಲಿನ ವಾಸ್ತವ್ಯದ ಪುರಾವೆ ತೋರಿಸಬೇಕಾಗುತ್ತದೆ. ಅನೇಕ ಕುಟುಂಬಗಳು ಇದನ್ನು ತಿಳಿಯುವುದು ಪ್ರವೇಶದ ಕೊನೆಯ ದಿನ, ಕಚೇರಿಯ ಕಿಟಕಿಯ ಮುಂದೆ. ಒಂಬತ್ತನೆಯ ತರಗತಿಯಲ್ಲಿಯೇ ಶಿಕ್ಷಕರು ಪಾಲಕರನ್ನು ಕರೆದು ಕಾಗದಪತ್ರಗಳ ಪಟ್ಟಿಯನ್ನು ಕೈಗಿತ್ತರೆ ಎರಡು ವರ್ಷದ ಅವಕಾಶ ಸಿಗುತ್ತದೆ. ಪತ್ರ ದೊರೆಯದೆಂದು ಖಚಿತವಾದರೂ ಬೇರೆ ವಿದ್ಯಾರ್ಥಿವೇತನವನ್ನು ಹುಡುಕಲು ಹೊತ್ತು ಇರುತ್ತದೆ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳ ಕಾಲೇಜುಗಳಲ್ಲಿ ಆಯಾ ಭಾಷಿಕರಿಗೆ ಮೀಸಲಾದ ಸ್ಥಾನಗಳಿರುವುದನ್ನೂ ತಿಳಿಸಬೇಕು.

ಸಮಾಜದ ಪಾಲು

ಇಷ್ಟೆಲ್ಲವನ್ನೂ ಒಬ್ಬ ಶಿಕ್ಷಕ ಮಾಡಬೇಕೆಂದರೆ ಅದು ಅನ್ಯಾಯ. ಪುಣೆಯಲ್ಲಿ ಕನ್ನಡ ಸಂಘವುಂಟು, ಅದು ನಡೆಸುವ ಕನ್ನಡ ಮಾಧ್ಯಮದ ಪ್ರೌಢಶಾಲೆಯುಂಟು, ಜಾತಿ-ಊರುಗಳ ಹೆಸರಿನ ಅನೇಕ ಮಂಡಳಗಳುಂಟು. ನಮ್ಮ ಮಕ್ಕಳು ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿಯೂ ಹರಡಿಕೊಂಡಿದ್ದಾರೆ. ಗಣೇಶೋತ್ಸವಕ್ಕೆ, ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ ಕೂಡುವ ನಾವು ಈ ಕಾರ್ಯಕ್ಕೆ ಕೂಡಲಾರೆವೇ?

ಹಿಂದೆ ಮುಂಬಯಿಯಲ್ಲಿ ಹೋಟೆಲಿನ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಹಗಲೆಲ್ಲ ತಟ್ಟೆ ತೊಳೆದ ಕೈಗಳು ರಾತ್ರಿ ಪಾಟಿ ಹಿಡಿದವು. ಅಲ್ಲಿ ಓದಿದವರು ವಕೀಲರಾದರು, ಶಿಕ್ಷಕರಾದರು, ಬ್ಯಾಂಕಿನ ಅಧಿಕಾರಿಗಳಾದರು. ಅಂದಿನ ಹಸಿವು ಅಕ್ಷರದ್ದು. ಇಂದಿನ ಹಸಿವು ತಿಳಿವಳಿಕೆಯದು.

ಮಾಡಬೇಕಾದುದು ಬಹಳವೇನಿಲ್ಲ. ಮೊದಲನೆಯದಾಗಿ, ಪ್ರತಿಯೊಂದು ಸಂಘವೂ ತನ್ನ ಸದಸ್ಯರಲ್ಲಿ ಯಾರು ಯಾವ ಕೆಲಸದಲ್ಲಿದ್ದಾರೆಂಬ ಒಂದು ದಫ್ತರವನ್ನು ಸಿದ್ಧಪಡಿಸಲಿ. ಎಂಜಿನಿಯರು, ಡಾಕ್ಟರರ ಹೆಸರು ಮಾತ್ರ ಸಾಲದು. ದಾದಿ, ಟರ್ನರ್, ಅಡಿಗೆಯವರು, ಲಾರಿ ಸಾಗಾಟದವರು, ಔಷಧದ ಅಂಗಡಿಯವರು, ಸೈನಿಕರು, ಎಲ್ಲರೂ ಅದರಲ್ಲಿರಲಿ. ಎರಡನೆಯದಾಗಿ, ಅವರಲ್ಲಿ ಪ್ರತಿಯೊಬ್ಬರೂ ವರ್ಷಕ್ಕೆ ಎರಡು ತಾಸು ಕೊಡಲಿ: ಒಂದು ತಾಸು ಶಾಲೆಗೆ ಹೋಗಿ ಮಾತನಾಡಲು, ಇನ್ನೊಂದು ತಾಸು ನಾಲ್ಕು ಮಕ್ಕಳನ್ನು ತಮ್ಮ ಕೆಲಸದ ಜಾಗಕ್ಕೆ ಕರೆದೊಯ್ಯಲು. ಮಾತನಾಡುವಾಗ ತಮ್ಮ ಗೆಲುವಿನ ಜೊತೆಗೆ ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ, ಮೊದಲ ಸಂಬಳ ಎಷ್ಟಿತ್ತು, ಯಾವುದು ಬೇಸರ, ಎಲ್ಲಿ ಸೋತರು ಎಂಬುದನ್ನೂ ಹೇಳಲಿ. ಮಕ್ಕಳಿಗೆ ಬೇಕಾದುದು ಭಾಷಣವಲ್ಲ, ನಿಜವಾದ ಸುದ್ದಿ.

ಮೂರನೆಯದಾಗಿ, ನಿಯಮಗಳನ್ನು ಬಲ್ಲ ಇಬ್ಬರು ಮೂವರು, ನಿವೃತ್ತ ಗುಮಾಸ್ತರೋ ವಕೀಲರೋ, ಪ್ರತಿವರ್ಷ ಎರಡೂ ರಾಜ್ಯಗಳ ಪ್ರವೇಶ ನಿಯಮಗಳನ್ನು ಓದಿ, ಸಾರವನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಎರಡು ಪುಟಗಳಲ್ಲಿ ಬರೆದು ಮಾರ್ಗದರ್ಶಕ ಶಿಕ್ಷಕರ ಕೈಗೆ ಕೊಡಲಿ. ನಾಲ್ಕನೆಯದಾಗಿ, ಶಿಕ್ಷಕರಿಗೂ ಕಲಿಯುವ ಅವಕಾಶವಿರಲಿ. ಮಾರ್ಗದರ್ಶನ ಮತ್ತು ಸಮಾಲೋಚನೆಯಲ್ಲಿ ಎನ್.ಸಿ.ಇ.ಆರ್.ಟಿ. ಡಿಪ್ಲೊಮಾ ತರಬೇತಿ ಕೊಡುತ್ತದೆ. ಒಬ್ಬ ಶಿಕ್ಷಕಿಯ ಶುಲ್ಕವನ್ನು ಒಂದು ಸಂಘ ಭರಿಸಿದರೆ ಅದರ ಫಲ ಸಾವಿರ ಮಕ್ಕಳಿಗೆ. ಐದನೆಯದಾಗಿ, ಹತ್ತನೆಯ ತರಗತಿ ದಾಟಿದ ಮಗುವನ್ನು ಒಂದು ವರ್ಷದ ಮೇಲೆ ಮತ್ತೆ ಕರೆದು ಕೇಳಬೇಕು: "ಹೇಗಿದ್ದೀ ಮಗು? ದಾರಿ ಸರಿಯಾಯಿತೇ?" ತಪ್ಪಿದ್ದರೆ ತಿದ್ದಿಕೊಳ್ಳಲು ಹದಿನೇಳನೆಯ ವಯಸ್ಸು ತಡವಲ್ಲ. ಮಾರ್ಗದರ್ಶಕರಿಗೂ ತಮ್ಮ ಸಲಹೆ ಎಲ್ಲಿ ಫಲಿಸಿತು, ಎಲ್ಲಿ ಎಡವಿತು ಎಂಬುದು ತಿಳಿಯುವುದು ಹೀಗೆಯೇ.

ಪಾಲಕರಿಗೂ ಒಂದು ಅರಿಕೆ. ಊರು ಬಿಟ್ಟು ಬಂದವನು ತಾನು ಉಳಿದುಕೊಂಡ ದಾರಿಯೊಂದನ್ನೇ ನಂಬುತ್ತಾನೆ. ಹೋಟೆಲಿನಿಂದ ಬದುಕಿದವನು ಮಗ ಹೋಟೆಲನ್ನೇ ನೋಡಿಕೊಳ್ಳಲಿ ಎನ್ನುತ್ತಾನೆ; ಇಲ್ಲವೆ ಅದರ ಕಷ್ಟದಿಂದ ಬೇಸತ್ತು, ಅದೊಂದನ್ನು ಬಿಟ್ಟು ಬೇರೆ ಏನಾದರೂ ಮಾಡಲಿ ಎನ್ನುತ್ತಾನೆ. ಎರಡರಲ್ಲಿಯೂ ಮಗನನ್ನು ಕೇಳಿದ್ದಿಲ್ಲ. ಹೆಣ್ಣುಮಗಳಾದರೆ ಕಾಲೇಜು ಮನೆಗೆ ಹತ್ತಿರವಿದೆಯೇ ಎಂಬುದೊಂದೇ ಪ್ರಶ್ನೆ. ಮಾರ್ಗದರ್ಶಕರ ಮುಂದೆ ಕುಳಿತಾಗ ಮೊದಲ ಹತ್ತು ನಿಮಿಷ ಮಗುವೇ ಮಾತನಾಡಲಿ, ನಾವು ಸುಮ್ಮನಿರೋಣ.

ವಿಶ್ವೇ‌ಶ್ವರಯ್ಯನವರು ಪುಣೆಗೆ ಬಂದು ಸುಮಾರು ನೂರನಲವತ್ತು ವರ್ಷಗಳಾದವು. ಅಂದು ಅವರಿಗೆ ನೆರವಾದ ವಿದ್ಯಾರ್ಥಿವೇತನದ ಮೊತ್ತ ಎಷ್ಟೆಂದು ಇಂದು ಯಾರೂ ಕೇಳುವುದಿಲ್ಲ. ಅದರಿಂದ ನಾಡಿಗೆ ಆದ ಲಾಭವನ್ನು ಎಲ್ಲರೂ ಬಲ್ಲರು. ನಮ್ಮ ಕಾಲದ ಇಂಥ ಹುಡುಗ ಅಥವಾ ಹುಡುಗಿ ಈಗ ಯೆರವಡೆಯ ಒಂದು ಚಾಳಿನಲ್ಲಿಯೋ, ಕೋಥರೂಡದ ಒಂದು ಹೋಟೆಲಿನ ಮಾಳಿಗೆಯಲ್ಲಿಯೋ ಕುಳಿತು ಹತ್ತನೆಯ ತರಗತಿಯ ಪುಸ್ತಕ ತಿರುವುತ್ತಿರಬಹುದು. ಬರುವ ಫಲಿತಾಂಶದ ದಿನ ಆ ಮಗು "ಮುಂದೇನು?" ಎಂದು ಕೇಳಿದಾಗ, ಉತ್ತರಿಸುವ ಶಿಕ್ಷಕರ ಹಿಂದೆ ಇಡೀ ಒಂದು ಸಮಾಜ ನಿಂತಿರಲಿ. ಆ ದಫ್ತರದ ಮೊದಲ ಪುಟದಲ್ಲಿ ಈ ವಾರವೇ ತಮ್ಮ ಹೆಸರನ್ನು ಬರೆಸುವವರು ವಾಚಕರಲ್ಲಿ ಎಷ್ಟು ಮಂದಿ?